ವೈರಾಣುವಿನ ವಿದ್ಯೆ ನಮ್ಮ ಬಾಲಿಕೆಯರಿಗೆ ಬೇಕೇ?

ಪ್ರೌಢಶಾಲೆಯ ಬಾಲಿಕೆಯರಿಗೆ ವೈರಾಣು, ಜೀವಕೋಶ, ಪ್ರೋಟೀನು ಮುಂತಾದ ಸೂಕ್ಷ್ಮ ವಿಷಯಗಳನ್ನು ಬೋಧಿಸುವುದರಿಂದ ಪ್ರಯೋಜನವೇನೆಂದು ತಾಯಿತಂದೆಗಳಲ್ಲಿ ಕೆಲವರು ನಮ್ಮನ್ನು ಕೇಳುವುದುಂಟು. ಇದಕ್ಕೆ ಉತ್ತರ ಕೊಡುವ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಯುಕ್ತವೆಂದು ತೋರುತ್ತದೆ.

ಕೆಲವು ವರುಷಗಳ ಹಿಂದೆ ನಮ್ಮ ಬೋರ್ಡಿಂಗಿನ ಬಾಲಿಕೆಯೊಬ್ಬಳ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಾಣು ಇದೆಯೆಂದು ತಿಳಿದುಬಂದಿತು. ಬೇರೆ ಮಕ್ಕಳ ಮನೆಯವರು ಗಾಬರಿಗೊಂಡು, ಅವಳ ತಟ್ಟೆ ಲೋಟಗಳನ್ನು ಪ್ರತ್ಯೇಕಿಸಬೇಕೆಂದು ಒತ್ತಾಯಪಡಿಸಲು, ನಾವೂ ವಿಚಾರಿಸದೆ ಒಪ್ಪಿದೆವು. ಒಂಬತ್ತು ದಿವಸ ಆ ಮಗು ಜಗಲಿಯ ಮೂಲೆಯಲ್ಲಿ ಒಬ್ಬಳೇ ಕುಳಿತು ಉಂಡಳು. ಇದು ನಿಷ್ಕಾರಣವಾದ ಶಿಕ್ಷೆಯೆಂದು ವೈದ್ಯರು ತಿಳಿಸಿದ ಮೇಲೆ ನಮಗೆ ಬಹಳ ನಾಚಿಕೆಯಾಯಿತು.

ಈ ವೈರಾಣುವಿನ ನಡತೆಯನ್ನು ನೋಡಿರಿ. ಅದರ ಆನುವಂಶಿಕ ಲಿಪಿಯಲ್ಲಿರುವುದು ಸುಮಾರು 3,200 ಅಕ್ಷರಗಳು, ಜೀನುಗಳು ನಾಲ್ಕೇ. ಸಂತತಿಯನ್ನು ಬೆಳೆಸುವುದಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ಅದರಲ್ಲಿಲ್ಲವಾದಕಾರಣ, ಅದು ನಮ್ಮ ಯಕೃತ್ತಿನ ಜೀವಕೋಶಗಳಲ್ಲಿರುವ ಪ್ರೋಟೀನುಗಳನ್ನೇ ಆಳುಗಳನ್ನಾಗಿ ಮಾಡಿಕೊಳ್ಳುತ್ತದೆ. ರಕ್ತದೊಳಗಿನ ಪಿತ್ತಲವಣಗಳನ್ನು ಜೀವಕೋಶದೊಳಕ್ಕೆ ಸಾಗಿಸುವ ಎನ್‌ಟಿಸಿಪಿ ಎಂಬ ಪ್ರೋಟೀನೇ ಈ ವೈರಾಣುವಿಗೆ ಬಾಗಿಲೆಂದು ಬೀಜಿಂಗಿನಲ್ಲಿ ವೆನ್‌ಹುಯಿ ಲಿ ಅವರೂ ಅವರ ಸಂಗಡಿಗರೂ 2012ರಲ್ಲಿ ತೋರಿಸಿದರು. ವೈರಾಣು ಒಳಹೊಕ್ಕಾಗ, ಎಸ್‌ಎಂಸಿ 5/6 ಎಂಬ ಪ್ರೋಟೀನುಗಳ ಕೂಟವು ಅದರ ಡಿಎನ್‌ಎಯನ್ನು ಹಿಡಿದು ಸುಮ್ಮನಾಗಿಸಲು ಯತ್ನಿಸುತ್ತದೆ. ಆದರೆ ವೈರಾಣುವಿನ ಎಕ್ಸ್ ಪ್ರೋಟೀನು, ಜೀವಕೋಶದ್ದೇ ಆದ ಡಿಡಿಬಿ 1 ಎಂಬುದನ್ನು ವಶಮಾಡಿಕೊಂಡು, ಅದರ ಮೂಲಕವೇ ಆ ಕಾವಲುಗಾರರನ್ನು ನಾಶಪಡಿಸುವುದೆಂದು 2016ರಲ್ಲಿ ಪ್ರಕಟವಾಯಿತು. ಹೆಪಟೈಟಿಸ್ ಸಿ ವೈರಾಣುವಾದರೋ, ಅಪಾಯದ ಸುದ್ದಿ ಮುಟ್ಟಿಸುವ ಎಂಎವಿಎಸ್ ಎಂಬ ಪ್ರೋಟೀನನ್ನೇ ಕತ್ತರಿಸಿಬಿಡುತ್ತದೆ. ಮನೆಯ ಆಳನ್ನು ಒಲಿಸಿಕೊಂಡು ಕನ್ನಹಾಕುವ ಕಳ್ಳನ ರೀತಿ ಇದು.

ಇದರಿಂದ ಗೃಹಿಣಿಯು ತಿಳಿಯತಕ್ಕದ್ದೇನು? ಹೆಪಟೈಟಿಸ್ ಬಿ ವೈರಾಣು ರಕ್ತದ ಮಾರ್ಗವಾಗಿ ಯಕೃತ್ತಿನ ಬಾಗಿಲನ್ನು ಸೇರತಕ್ಕದ್ದು. ಶುದ್ಧಿಮಾಡದ ಸೂಜಿ, ರಕ್ತ, ದೇಹಸಂಬಂಧ, ಹೆರಿಗೆ, ಇವೇ ಅದು ಹರಡುವ ಮುಖ್ಯ ದಾರಿಗಳು, ಸಹಪಂಕ್ತಿಯ ಊಟವಲ್ಲ. ನೀರು ಆಹಾರಗಳಿಂದ ಹರಡುವ ಕಾಮಾಲೆಯು ಹೆಪಟೈಟಿಸ್ ಎ ಮತ್ತು ಇ ವೈರಾಣುಗಳದು. ಈ ಭೇದವನ್ನು ಅರಿಯದೆ ನಾವು ಒಂದು ಮಗುವನ್ನು ನೋಯಿಸಿದೆವು.

ಎರಡನೆಯದಾಗಿ, ಒಮ್ಮೆ ಒಳಹೊಕ್ಕ ವೈರಾಣುವಿನ ಡಿಎನ್‌ಎಯು ಜೀವಕೋಶದ ಬೀಜದಲ್ಲಿ ನೆಲೆಯೂರುವುದರಿಂದ, ಈಗಿನ ಔಷಧಗಳು ರೋಗವನ್ನು ಅಡಗಿಸುವವೇ ಹೊರತು ಬೇರುಸಹಿತ ಕೀಳುವುದು ಅಪೂರ್ವ. ಆದುದರಿಂದ ಬಾಗಿಲಿನ ಹೊರಗೇ ತಡೆಯುವುದು ಉತ್ತಮ. ಲಸಿಕೆಯು ಮಾಡುವುದು ಇದನ್ನೇ. ಅದರಲ್ಲಿ ವೈರಾಣುವಿಲ್ಲ; ಯೀಸ್ಟಿನಲ್ಲಿ ಬೆಳೆಸಿದ, ವೈರಾಣುವಿನ ಹೊರಹೊದಿಕೆಯ ಪ್ರೋಟೀನು ಮಾತ್ರವಿದೆ. ರೋಗವನ್ನೇ ಚುಚ್ಚುವರೆಂಬ ಭಯಕ್ಕೆ ಆಧಾರವಿಲ್ಲ.

ಹುಟ್ಟುವಾಗ ಸೋಂಕು ತಗಲಿದ ಶಿಶುಗಳಲ್ಲಿ ನೂರಕ್ಕೆ ಸುಮಾರು 90 ಮಂದಿಗೆ ಅದು ದೀರ್ಘಕಾಲ ಉಳಿಯುತ್ತದೆ. ಪ್ರಾಯಸ್ಥರಲ್ಲಿ ನೂರಕ್ಕೆ 5 ಮಂದಿಗೂ ಉಳಿಯದು. ಆದಕಾರಣವೇ ಮೊದಲನೆಯ ಲಸಿಕೆಯನ್ನು ಜನನವಾದ 24 ಗಂಟೆಗಳೊಳಗೆ ಹಾಕಿಸಬೇಕೆನ್ನುವರು. ಬಾಣಂತಿಯ ಮನೆಯ ಹಿರಿಯರು, ಎಳೆಯ ಕೂಸಿಗೆ ಸೂಜಿ ಈಗ ಬೇಡ, ನಾಮಕರಣವಾಗಲಿ ಎಂದರೆ, ಅವರಿಗೆ ವಿನಯದಿಂದಲೂ ಧೈರ್ಯದಿಂದಲೂ ಕಾರಣವನ್ನು ಹೇಳಬಲ್ಲ ಮಗಳು ಮನೆಯಲ್ಲಿರಬೇಕು. ಅಂಥವಳನ್ನು ಸಿದ್ಧಪಡಿಸುವುದೇ ಈ ಪಾಠದ ಪ್ರಯೋಜನವೆಂಬುದು ನಮ್ಮ ಅಭಿಪ್ರಾಯ.

ಜಗಲಿಯಲ್ಲಿ ಕುಳಿತು ಉಂಡ ಆ ಬಾಲಿಕೆಯು ಇಂದು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಬ್ಬಳು. ಅವಳು ಈ ಪುಟವನ್ನು ಓದುವಳೆಂದು ನಂಬಿ, ಅವಳ ಕ್ಷಮೆಯನ್ನು ಬೇಡುತ್ತೇವೆ.