‘ಪಾ’ ಎಷ್ಟು ಉದ್ದ?

ಮಕ್ಕಳೇ, ಸಂಗೀತದ ಪಾಠಕ್ಕೆ ಹೋಗುವವರು ಸರಳೆ ವರಸೆಯ ಈ ಸಾಲನ್ನು ನೋಡಿರುತ್ತೀರಿ: ಸ ರಿ ಗ ಮ | ಪಾ | ಸ ರಿ ||. ಎಣಿಸಿದರೆ ಏಳೇ ಸ್ವರ. ಆದಿತಾಳಕ್ಕೆ ಬೇಕಾದದ್ದು 8 ಅಕ್ಷರ. ಉಳಿದ ಒಂದು ಎಲ್ಲಿ?

ಅದು ‘ಪಾ’ದ ದೀರ್ಘದಲ್ಲಿದೆ. ಹ್ರಸ್ವ ‘ಪ’ ಒಂದಕ್ಷರ, ದೀರ್ಘ ‘ಪಾ’ ಎರಡು. ಕಾಗುಣಿತ ಬಲ್ಲವರಿಗೆ ಇದು ಹೊಸದೇನಲ್ಲ. ಇನ್ನೂ ಎಳೆಯಬೇಕಾದರೆ ಅಲ್ಪವಿರಾಮ ಹಾಕುತ್ತಾರೆ, ಅದಕ್ಕೆ ಒಂದಕ್ಷರ, ಅರ್ಧವಿರಾಮಕ್ಕೆ ಎರಡು. ನಮ್ಮ ಬ್ಯಾಂಕಿನ ಲೆಡ್ಜರಿನಲ್ಲಿ ಅಲ್ಪವಿರಾಮಕ್ಕೆ ಬೆಲೆಯಿರಲಿಲ್ಲ, ಸಾವಿರ ಲಕ್ಷಗಳನ್ನು ಬೇರೆ ಮಾಡಿ ತೋರಿಸುತ್ತಿತ್ತು, ಅಷ್ಟೆ. ಇಲ್ಲಿ ಅದನ್ನು ಉಸಿರು ಬಿಡುವ ಜಾಗ ಎಂದುಕೊಳ್ಳಬೇಡಿ, ಸ್ವರ ನಿಲ್ಲಬಾರದು.

ಒಂಟಿ ಗೆರೆಯೆಂದರೆ ತಾಳದ ಒಂದು ಅಂಗ ಮುಗಿಯಿತು, ಜೋಡಿ ಗೆರೆಯೆಂದರೆ ಆವರ್ತವೇ ಮುಗಿಯಿತು. ಸ್ವರದ ಮೇಲೆ ಚುಕ್ಕೆಯಿದ್ದರೆ ತಾರಸ್ಥಾಯಿ, ಕೆಳಗಿದ್ದರೆ ಮಂದ್ರ.

ಅಜ್ಜ ಅಜ್ಜಿಯರೇ, ಹಾಡಲು ಬಾರದಿದ್ದರೂ ನೀವು ತಾಳ ಹಾಕಬಹುದು: ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು; ಆಮೇಲೆ ಪೆಟ್ಟು-ತಿರುವು, ಪೆಟ್ಟು-ತಿರುವು. ಮಗು ‘ಪಾ’ವನ್ನು ಮೊಟಕು ಮಾಡಿದರೆ ಮುಂದಿನ ‘ಸ’ ನಿಮ್ಮ ಪೆಟ್ಟಿಗೆ ಬೀಳದೆ ತಿರುವಿಗೇ ಬಂದುಬಿಡುತ್ತದೆ. ಬೈಯಬೇಡಿ, ಅದೇ ಸಾಲನ್ನು ನಿಧಾನವಾಗಿ ಇನ್ನೊಮ್ಮೆ ಹಾಡಿಸಿ.