ನೋಡೋದಕ್ಕೂ ದುಡ್ಡು ಕೊಡಿ ಸ್ವಾಮಿ!

ಮುಂಬೈಯಲ್ಲಿ ಮಳೆಗಾಲ ಮುಗಿಯಿತು ಅಂದರೆ ಎರಡು ಕಡೆ ಕ್ಯೂ ಶುರು. ಒಂದು ಮೂಳೆ ಡಾಕ್ಟರ ಹತ್ತಿರ, ಇನ್ನೊಂದು ಗ್ಯಾರೇಜಿನಲ್ಲಿ. ಎರಡಕ್ಕೂ ಕಾರಣ ಒಂದೇ, ರಸ್ತೆಯ ಗುಂಡಿಗಳು. ಡಾಕ್ಟರು ಕನಿಷ್ಠಪಕ್ಷ ಒಂದು ಎಕ್ಸ್-ರೇ ತೆಗೆಸಿ ಆಮೇಲೆ ಮಾತಾಡುತ್ತಾರೆ. ಗ್ಯಾರೇಜಿನಲ್ಲಿ ಮಾತ್ರ ಗಾಡಿ ಪೂರ್ತಿ ಒಳಗೆ ಬರುವ ಮುಂಚೆಯೇ "ಶಾಕಬ್ಸರ್ ಗಯಾ ಸಾಬ್" ಅನ್ನುವ ತೀರ್ಪು ಹೊರಬಿದ್ದಿರುತ್ತದೆ!

ಈ ಅವಸರದ ತೀರ್ಪಿಗೆ ಎಲ್ಲರೂ ಮೆಕ್ಯಾನಿಕ್‌ಗಳನ್ನು ಬೈಯುತ್ತಾರೆ. ನಾನು ಬೈಯುವುದಿಲ್ಲ. ನನ್ನ ಪ್ರಕಾರ ಅರ್ಧಕ್ಕಿಂತ ಹೆಚ್ಚು ಪಾಲು ಗಿರಾಕಿಗಳದ್ದು. ಯಾಕೆ ಅಂತ ಹೇಳುವುದಕ್ಕೆ ಒಂದು ಕಾರಿನ ಕಥೆ ಹೇಳಬೇಕು.

ನಮ್ಮ ಬಿಲ್ಡಿಂಗಿನ ಪಕ್ಕದ ವಿಂಗಿನಲ್ಲಿ ಒಬ್ಬ ಕುಂದಾಪುರದ ಹುಡುಗ ಇದ್ದಾನೆ. ಕೈತುಂಬ ಸಂಬಳ, ಮದುವೆ ಇನ್ನೂ ಇಲ್ಲ. ಅಂದಮೇಲೆ ಸೆಕೆಂಡ್‌ಹ್ಯಾಂಡ್ ಸ್ಪೋರ್ಟ್ಸ್ ಕಾರು ಬಂತು ಅಂತ ಬೇರೆ ಹೇಳಬೇಕಾಗಿಲ್ಲ. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಕೊಂಡ ಎರಡನೇ ಮಳೆಗಾಲಕ್ಕೆ ಕಾಯಿಲೆ ಶುರುವಾಯಿತು. ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತದೆ, ಗುಂಡಿ ದಾಟಿದರೆ ಕೆಳಗಿನಿಂದ ಧಡ್ ಅನ್ನುತ್ತದೆ, ಮುಂದಿನ ಟಯರುಗಳು ಒಳಬದಿಯಲ್ಲಿ ಬೋಳಾಗುತ್ತಿವೆ. ಮೂರು ಸಲ ವೀಲ್ ಅಲೈನ್‌ಮೆಂಟ್ ಆಯಿತು. ಪ್ರತಿ ಸಲವೂ ಎರಡು ವಾರ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ರಾಗ. ಕೊನೆಗೆ ಒಂದು ಗ್ಯಾರೇಜಿನವರು ನಾಲ್ಕೂ ಶಾಕ್ ಅಬ್ಸಾರ್ಬರ್ ಬದಲಿಸಬೇಕು ಅಂತ ಲಕ್ಷ ದಾಟುವ ಎಸ್ಟಿಮೇಟು ಬರೆದುಕೊಟ್ಟರು. "ಅಂಕಲ್, ಮಾರಿಬಿಡ್ಲಾ?" ಅಂತ ಕೇಳಿದ.

ಸವೆದಿದ್ದದ್ದು ಮುಂದಿನ ಎರಡು ಲೋವರ್ ಆರ್ಮ್‌ಗಳ ಬುಷ್. ಮುಷ್ಟಿಯೊಳಗೆ ಹಿಡಿಯುವಷ್ಟು ರಬ್ಬರು!

ಬುಷ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಕಬ್ಬಿಣದ ಅಥವಾ ಅಲ್ಯೂಮಿನಿಯಂನ ತೋಳುಗಳಿಗೆ ಆರ್ಮ್ ಅನ್ನುತ್ತಾರೆ. ತೋಳು ಮೈಗೆ ಸೇರುವ ಕೀಲಿನಲ್ಲಿ ಕೂತಿರುವುದೇ ಬುಷ್. ಹೊರಗೊಂದು ಲೋಹದ ಬಳೆ, ಒಳಗೊಂದು ಲೋಹದ ಕೊಳವೆ, ನಡುವೆ ಎರಡಕ್ಕೂ ಅಂಟಿಸಿದ ರಬ್ಬರು. ಹೊರಬಳೆ ಆರ್ಮಿನಲ್ಲಿ ಬಿಗಿಯಾಗಿ ಕೂತಿರುತ್ತದೆ, ಒಳಕೊಳವೆಯನ್ನು ಬೋಲ್ಟು ಕಾರಿನ ಮೈಗೆ ಬಿಗಿದು ಹಿಡಿದಿರುತ್ತದೆ. ಚಕ್ರ ಮೇಲೆ ಕೆಳಗೆ ಆದಾಗ ಬಾಗಿಲಿನ ಕೀಲಿನ ಹಾಗೆ ಇಲ್ಲಿ ಯಾವುದೂ ಜಾರುವುದಿಲ್ಲ, ರಬ್ಬರೇ ತಿರುಚಿಕೊಂಡು ಮತ್ತೆ ಸರಿಯಾಗುತ್ತದೆ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಾಮೂಲಿ ಕಾರಿನಲ್ಲಿ ಬುಷ್ ಸವೆದರೆ ಸ್ವಲ್ಪ ಸದ್ದು, ಸ್ವಲ್ಪ ಅಲುಗಾಟ, ಅಷ್ಟರಲ್ಲೇ ವರ್ಷಗಟ್ಟಲೆ ದೂಡಬಹುದು. ಸ್ಪೋರ್ಟ್ಸ್ ಕಾರು ಹಾಗೆ ದೂಡಿಸಿಕೊಳ್ಳುವುದಿಲ್ಲ. ಅದರ ಚಕ್ರಗಳ ಕೋನವನ್ನು ಡಿಗ್ರಿಯ ಲೆಕ್ಕದಲ್ಲಿ ಹೊಂದಿಸಿರುತ್ತಾರೆ, ಟಯರು ಅಗಲ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ತಗೊಳ್ಳಿ. ನಮ್ಮ ದೇಶದಲ್ಲಿ ಕಂಪೆನಿ ಅದನ್ನು ಮಾರಲಿಲ್ಲ, ಆದರೆ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಅಂದಾಗ ಜಗತ್ತೆಲ್ಲ ನೆನೆಯುವುದು ಅದನ್ನೇ. ಸಾವಿರ ಕಿಲೋಗಿಂತ ಕಡಿಮೆ ತೂಕದ ಆ ಪುಟ್ಟ ಗಾಡಿಗೆ ನಾಲ್ಕೂ ಚಕ್ರಕ್ಕೆ ಮೇಲೊಂದು ಕೆಳಗೊಂದು ಅಂತ ಎಂಟು ಆರ್ಮ್. ಪ್ರತಿ ಆರ್ಮಿನ ಒಳತುದಿಯಲ್ಲಿ ಎರಡೆರಡು ಬುಷ್, ಅಲ್ಲಿಗೇ ಹದಿನಾರಾಯಿತು. ಅದು ರಸ್ತೆಯ ಮೇಲೆ ಚುರುಕಾಗಿ ಹರಿದಾಡುವುದಕ್ಕೆ ಎಂಜಿನ್ ಎಷ್ಟು ಕಾರಣವೋ ಈ ರಬ್ಬರುಗಳೂ ಅಷ್ಟೇ ಕಾರಣ. ಇವು ಸಡಿಲವಾದರೆ ಅಲೈನ್‌ಮೆಂಟ್ ಮೆಷೀನು ತೋರಿಸುವ ನಂಬರು ಗಾಡಿ ನಿಂತಾಗ ಮಾತ್ರ ನಿಜ. ಬ್ರೇಕ್ ಒತ್ತಿದ ತಕ್ಷಣ ಚಕ್ರ ತನಗೆ ಬೇಕಾದ ಕಡೆ ತಿರುಗುತ್ತದೆ. ಪಕ್ಕದ ವಿಂಗಿನ ಹುಡುಗನ ಮೂರು ಅಲೈನ್‌ಮೆಂಟು ನೀರಿನಲ್ಲಿ ಹೋಮ ಮಾಡಿದಂತಾಗಿದ್ದು ಹೀಗೆ.

ಸರಿ, ಬುಷ್ಷೇ ಹೋಗಿದೆ ಅಂತ ತಿಳಿಯುವುದು ಹೇಗೆ? ಸದ್ದಿನಿಂದ ಮಾತ್ರ ತಿಳಿಯುವುದಿಲ್ಲ. ಧಡ್ ಅನ್ನುವುದಕ್ಕೆ ಬಾಲ್ ಜಾಯಿಂಟ್, ಸ್ಟೆಬಿಲೈಜರ್ ಲಿಂಕ್, ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟ್ ಯಾವುದೂ ಕಾರಣ ಇರಬಹುದು. ಬ್ರೇಕ್ ಹಿಡಿದಾಗ ಸ್ಟೀರಿಂಗ್ ನಡುಗಿದರೆ ಡಿಸ್ಕ್ ಸೊಟ್ಟಗಾಗಿರಬಹುದು. ಅದಕ್ಕೇ ನೋಡಬೇಕು. ಮೊದಲು ಟಯರಿನ ಮೇಲೆ ಅಡ್ಡಕ್ಕೆ ಅಂಗೈ ಸವರಿ. ಒಂದು ಕಡೆಗೆ ನುಣುಪು, ವಾಪಸ್ ಬರುವಾಗ ಗರಗಸದ ಹಾಗೆ ಚುಚ್ಚಿದರೆ ಚಕ್ರ ನೇರ ಓಡುತ್ತಿಲ್ಲ ಅಂತ ಅರ್ಥ. ಆಮೇಲೆ ಸಮತಟ್ಟಾದ ಜಾಗದಲ್ಲಿ ಒಬ್ಬರು ಗಾಡಿಯನ್ನು ನಡಿಗೆಯ ವೇಗದಲ್ಲಿ ಹಿಂದೆ ಮುಂದೆ ಮಾಡುತ್ತ ಬ್ರೇಕ್ ಒತ್ತಲಿ. ಇನ್ನೊಬ್ಬರು ಪಕ್ಕದಲ್ಲಿ, ದೂರದಲ್ಲೇ ನಿಂತು, ಮಡ್‌ಗಾರ್ಡಿನ ಅಂಚಿಗೂ ಚಕ್ರಕ್ಕೂ ಇರುವ ಸಂದು ನೋಡಲಿ. ಬುಷ್ ಸತ್ತಿದ್ದರೆ ಚಕ್ರ ಹಿಂದಕ್ಕೆ ಮುಂದಕ್ಕೆ ಸರಿಯುವುದು ಕಣ್ಣಿಗೇ ಕಾಣುತ್ತದೆ.

ಕೊನೆಗೆ ಗಾಡಿ ಎತ್ತಿ ನೋಡುವುದು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾವತ್ತೂ ತಲೆ ಹಾಕಬೇಡಿ, ಗಟ್ಟಿ ಸ್ಟ್ಯಾಂಡ್ ಕೊಟ್ಟೇ ಆಗಬೇಕು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟ ಕಂಡರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಕಡೆ ನೋಡಿ. ಎಡ ಬಲ ಹಿಡಿದಾಗ ಮಾತ್ರ ಆಟ ಇದ್ದರೆ ಸ್ಟೀರಿಂಗಿನ ಟೈ ರಾಡ್. ಎರಡೂ ಗಟ್ಟಿಯಾಗಿದ್ದರೆ ಆರ್ಮಿನ ಕೀಲಿಗೆ ಸಬ್ಬಲ್ ಕೊಟ್ಟು ಮೆಲ್ಲಗೆ ಮೀಟಿ. ರಬ್ಬರಿನ ಮೇಲ್ಮೈಯಲ್ಲಿ ಸಣ್ಣ ಬಿರುಕು ಇರುವುದು ವಯಸ್ಸಿನ ಸುಕ್ಕು ಅಷ್ಟೇ, ಅದಕ್ಕೆ ಹೆದರಬೇಡಿ. ರಬ್ಬರು ಲೋಹದಿಂದ ಕಿತ್ತು ಬಂದಿದ್ದರೆ, ಆಳಕ್ಕೆ ಹರಿದಿದ್ದರೆ, ನಡುವಿನ ಕೊಳವೆ ಒಂದು ಪಕ್ಕಕ್ಕೆ ಕುಸಿದಿದ್ದರೆ ಅದರ ಕಥೆ ಮುಗಿಯಿತು. ಕೆಲವು ಬುಷ್ಷುಗಳ ಒಳಗೆ ದ್ರವ ತುಂಬಿರುತ್ತದೆ, ಅದು ಸೋರಿ ಕಲೆಯಾಗಿದ್ದರೂ ಅಷ್ಟೇ.

ಇಷ್ಟಕ್ಕೆ ಒಂದು ಗಂಟೆ ಸಾಕು. ಈ ಒಂದು ಗಂಟೆಗೆ ನಮ್ಮ ಜನ ದುಡ್ಡು ಕೊಡುವುದಿಲ್ಲ! ನನ್ನ ತಕರಾರು ಇರುವುದೇ ಇಲ್ಲಿ. ಕುರ್ಲಾದ ಒಬ್ಬ ಹಳೆಯ ಮೆಕ್ಯಾನಿಕ್ ಚಾಚಾ ನನಗೆ ಹೇಳಿದ್ದು: "ಪಾರ್ಟ್ ಕಾ ಪೈಸಾ ಸಬ್ ದೇತಾ ಹೈ, ಆಂಖ್ ಕಾ ಪೈಸಾ ಕೋಯಿ ನಹೀಂ ದೇತಾ." ಕಣ್ಣಿಗೆ ಕಾಸಿಲ್ಲ ಅಂದಮೇಲೆ ಅವನು ಯಾಕೆ ನೋಡುತ್ತಾನೆ ಹೇಳಿ? ಸಾಮಾನಿನ ಮೇಲೆ ಕಮಿಷನ್ ಇದೆ, ಆದ್ದರಿಂದ ಸಾಮಾನು ಬದಲಿಸುತ್ತಾನೆ. ದೊಡ್ಡ ಸಾಮಾನು ಬದಲಿಸಿದರೆ ಇನ್ನೂ ಒಳ್ಳೆಯದು. ಫೋನ್ ಮಾಡಿ "ನೋಡೋದಕ್ಕೆ ಫ್ರೀ ತಾನೆ?" ಅಂತ ಕೇಳುವ ಗಿರಾಕಿಯೇ ಆ ಲಕ್ಷದ ಎಸ್ಟಿಮೇಟಿಗೆ ಪೀಠಿಕೆ ಹಾಕುತ್ತಾನೆ.

ಇನ್ನೊಂದು ಗುಂಪು ಇದೆ. "ರಬ್ಬರು ಹಳೇ ಕಾಲದ್ದು, ಪಾಲಿಯುರೇಥೇನ್ ಹಾಕಿಸಿ, ಗಾಡಿ ರೇಸ್ ಕಾರಿನ ಹಾಗೆ ಆಗುತ್ತದೆ" ಅನ್ನುವವರು. ಟ್ರ್ಯಾಕಿನಲ್ಲಿ ಓಡಿಸುವವರಿಗೆ ಅದು ಸರಿಯೇ. ಆರ್ಮು ಅತ್ತಿತ್ತ ಸರಿಯುವುದಿಲ್ಲ, ಎಣ್ಣೆ ಬಿದ್ದರೂ ಬೇಗ ಕೆಡುವುದಿಲ್ಲ. ಆದರೆ ಸಾಮಾನ್ಯವಾಗಿ ಅದು ಲೋಹಕ್ಕೆ ಅಂಟಿರುವುದಿಲ್ಲ, ಕೊಳವೆಯ ಸುತ್ತ ಜಾರುತ್ತದೆ. ಅದಕ್ಕೆಂದೇ ಇರುವ ಗ್ರೀಸ್ ಒಣಗಿದರೆ ಕಿರ್ ಕಿರ್ ಶುರು. ರಸ್ತೆಯ ಪ್ರತಿ ಕಲ್ಲೂ ಬೆನ್ನುಮೂಳೆಗೆ ವರದಿ ಮಾಡುತ್ತದೆ. ಕೆಲವು ಕೀಲುಗಳು ಒಂದೇ ದಿಕ್ಕಿಗಲ್ಲ, ಓರೆಯಾಗಿಯೂ ತಿರುಚಬೇಕು. ಅಲ್ಲಿ ಗಟ್ಟಿ ಬುಷ್ ಹಾಕಿದರೆ ಆರ್ಮು ಸಿಕ್ಕಿಕೊಳ್ಳುತ್ತದೆ.

ಅಷ್ಟಕ್ಕೂ ರಬ್ಬರಿನ ಮೆತ್ತಗೆ ಅನ್ನುವುದು ದೌರ್ಬಲ್ಯವಲ್ಲ ಸ್ವಾಮಿ. 1977ರಲ್ಲಿ ಪೋರ್ಷೆಯವರು 928 ಅನ್ನುವ ಕಾರು ತಂದರು. ತಿರುವಿನಲ್ಲಿ ಚಾಲಕ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ಹೊರಮುಖವಾಗಿ ಗಾಡಿ ಗಿರಕಿ ಹೊಡೆಯುವುದು ಆ ಕಾಲದ ಸ್ಪೋರ್ಟ್ಸ್ ಕಾರುಗಳ ದೊಡ್ಡ ತಲೆನೋವು. 928ರ ಹಿಂದಿನ ಆಕ್ಸಲಿನಲ್ಲಿ ಆರ್ಮಿನ ಕೀಲು ಬೇಕೆಂದೇ ಸ್ವಲ್ಪ ಸರಿಯುವ ಹಾಗೆ ಮಾಡಿ, ಅದೇ ಹೊತ್ತಿನಲ್ಲಿ ಚಕ್ರ ಒಳಮುಖವಾಗುವಂತೆ ನೋಡಿಕೊಂಡರು. ವೈಸಾಕ್ ಆಕ್ಸಲ್ ಅಂತ ಅದಕ್ಕೆ ಹೆಸರಾಯಿತು. ಕೀಲು ಎಲ್ಲಿ, ಎಷ್ಟು ಬಗ್ಗಬೇಕು ಅನ್ನುವುದೂ ಎಂಜಿನಿಯರನ ಲೆಕ್ಕದೊಳಗೇ ಇರುತ್ತದೆ. ಆ ಲೆಕ್ಕ ಗೊತ್ತಿಲ್ಲದೆ ಗಟ್ಟಿ ಮಾಡುವುದು ಸುಧಾರಣೆ ಹೇಗಾಗುತ್ತದೆ?

ಬದಲಿಸುವಾಗಲೂ ಕಣ್ಣು ಬೇಕು. ಹಳೆಯದನ್ನು ಬೆಂಕಿ ಇಟ್ಟು ಸುಡುವ ಗ್ಯಾರೇಜಿನಿಂದ ಗಾಡಿ ವಾಪಸ್ ತನ್ನಿ. ಹೊಗೆ ವಿಷ, ಅಲ್ಯೂಮಿನಿಯಂ ಆರ್ಮಾದರೆ ಕಾವಿಗೆ ಅದರ ಬಲವೂ ಕುಂದುತ್ತದೆ. ಪ್ರೆಸ್ಸಿನಲ್ಲಿ ಒತ್ತಿ ತೆಗೆಯಬೇಕು, ಒತ್ತಿಯೇ ಕೂರಿಸಬೇಕು. ಜಾರುವುದಕ್ಕೆ ಸೋಪಿನ ನೀರು ಸಾಕು, ಎಂಜಿನ್ ಆಯಿಲ್ ಬಳಿದರೆ ರಬ್ಬರು ಊದಿಕೊಳ್ಳುತ್ತದೆ. ಕೆಲವು ಬುಷ್ಷಿನಲ್ಲಿ ಖಾಲಿ ಕಿಂಡಿಗಳಿರುತ್ತವೆ, ಅವು ಯಾವ ದಿಕ್ಕಿಗಿದ್ದವು ಅಂತ ಬಿಚ್ಚುವ ಮುಂಚೆ ಗುರುತು ಹಾಕಿಕೊಳ್ಳಬೇಕು. ಒಂದು ಪಕ್ಕ ಬದಲಿಸಿದರೆ ಇನ್ನೊಂದು ಪಕ್ಕವೂ ಆಗಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಬಿಗಿತ. ರಬ್ಬರು ತಿರುಚಿಕೊಳ್ಳುತ್ತದೆ ಅಂತ ಆಗ ಹೇಳಿದೆನಲ್ಲ? ಗಾಡಿ ಮೇಲಿದ್ದು ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟು ಬಿಗಿದರೆ, ಇಳಿಸಿದ ಕ್ಷಣದಿಂದ ರಬ್ಬರು ಹಗಲೂ ರಾತ್ರಿ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಹೊಸ ಬುಷ್ಷೂ ಬೇಗ ಹರಿಯುತ್ತದೆ, ಆಮೇಲೆ "ಡೂಪ್ಲಿಕೇಟ್ ಮಾಲು" ಅಂತ ಅಂಗಡಿಯವನಿಗೆ ಬೈಗುಳ! ಗಾಡಿಯ ಭಾರ ಚಕ್ರಗಳ ಮೇಲೆ ಬಂದಮೇಲೆ, ಟಾರ್ಕ್ ಪಾನಾದಿಂದ, ಕಂಪೆನಿ ಹೇಳಿದಷ್ಟೇ ಬಿಗಿಯಬೇಕು. ಅಲೈನ್‌ಮೆಂಟ್ ಆಮೇಲೆ, ಒಂದೇ ಸಲ.

"ನಮ್ಮದು ಸ್ಪೋರ್ಟ್ಸ್ ಕಾರಲ್ಲ, ನಮಗ್ಯಾಕೆ ಇದೆಲ್ಲ" ಅನ್ನುವಿರಾ? ನಿಮ್ಮ ಗಾಡಿಗೂ ಬುಷ್ ಇದೆ. ಸ್ಪೋರ್ಟ್ಸ್ ಕಾರು ಬೇಗ ಕೂಗುತ್ತದೆ, ನಿಮ್ಮದು ತಡವಾಗಿ ಕೂಗುತ್ತದೆ, ಅಷ್ಟೇ ವ್ಯತ್ಯಾಸ. ವರ್ಷಕ್ಕೊಮ್ಮೆ ಮನೆಮಂದಿಯನ್ನೆಲ್ಲ ತುಂಬಿಕೊಂಡು, ಡಿಕ್ಕಿಯಲ್ಲಿ ಊರಿಗೆ ಒಯ್ಯುವ ಸಾಮಾನು ಒಟ್ಟಿಕೊಂಡು, ಸಾತಾರಾ, ಕೊಲ್ಹಾಪುರ ದಾಟಿ ಬೆಳಗಾವಿ, ಹುಬ್ಬಳ್ಳಿಗೋ, ಕೊಂಕಣದ ಘಾಟಿ ಇಳಿದು ಉಡುಪಿಗೋ ಹೊರಡುವವರು ನಾವು. ಹೊರಡುವ ಮುಂಚೆ ಆಯಿಲ್ ನೋಡುತ್ತೇವೆ, ಎಸಿ ನೋಡುತ್ತೇವೆ, ಟಯರಿಗೆ ಗಾಳಿ ತುಂಬಿಸುತ್ತೇವೆ. ಘಾಟಿಯ ಇಳಿಜಾರಿನಲ್ಲಿ, ಭಾರ ತುಂಬಿದ ಗಾಡಿಗೆ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ನೇರ ಇರುತ್ತದೋ ಇಲ್ಲವೋ ಅನ್ನುವುದು ಈ ರಬ್ಬರಿನ ಕೈಯಲ್ಲಿದೆ, ಅದನ್ನು ಮಾತ್ರ ನೋಡುವುದಿಲ್ಲ.

ಪಕ್ಕದ ವಿಂಗಿನ ಹುಡುಗ ಕಾರು ಮಾರಲಿಲ್ಲ. ಚಾಚಾಗೆ ನೋಡಿದ್ದಕ್ಕೆ ಬೇರೆ, ಕೆಲಸಕ್ಕೆ ಬೇರೆ ಅಂತ ಎರಡು ಸಲ ದುಡ್ಡು ಕೊಟ್ಟ. ಎರಡೂ ಸೇರಿ ಆ ಎಸ್ಟಿಮೇಟಿನ ಹತ್ತನೇ ಒಂದು ಭಾಗವೂ ಆಗಲಿಲ್ಲ.

ಮುಂದಿನ ಸಲ ಗ್ಯಾರೇಜಿಗೆ ಹೋದಾಗ "ಎಷ್ಟಾಗುತ್ತೆ?" ಅಂತ ಕೇಳುವ ಮುಂಚೆ "ಒಂದು ಗಂಟೆ ಸರಿಯಾಗಿ ನೋಡಪ್ಪಾ, ಅದಕ್ಕೇ ಬೇರೆ ದುಡ್ಡು ಕೊಡ್ತೀನಿ" ಅಂತ ಹೇಳಿ ನೋಡಿ. ಅವನು ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾನೆ. ಆಮೇಲೆ ಗಾಡಿಯನ್ನೂ ನೋಡುತ್ತಾನೆ. ಏನಂತೀರಿ?