ಬೆಕ್ಕಿನ ಮೈತುರಿ: ಮದ್ದಿಗಿಂತ ಮೊದಲು ಕಾರಣ

ಬೆಕ್ಕಿನಷ್ಟು ಶುಚಿಯಾದ ಪ್ರಾಣಿ ಮತ್ತೊಂದಿಲ್ಲವೆಂಬುದು ಅದನ್ನು ಸಾಕಿದವರೆಲ್ಲರ ಅಭಿಮಾನದ ಮಾತು. ಹಾಲು ಕುಡಿದೊಡನೆ ಕಿಟಕಿಯ ಬಿಸಿಲಿನಲ್ಲಿ ಕುಳಿತು ಮೈಯೆಲ್ಲ ನೆಕ್ಕಿಕೊಳ್ಳುವ ಅದರ ಶ್ರದ್ಧೆಯನ್ನು ತೋರಿಸಿ, ಸ್ನಾನಕ್ಕೆ ಕರೆದರೆ ಓಡಿಹೋಗುವ ಮಕ್ಕಳಿಗೆ ತಾಯಂದಿರು ಬುದ್ಧಿ ಹೇಳುವುದೂ ಉಂಟು. ಆದರೆ ಈ ಶ್ರದ್ಧೆ ಅತಿಯಾಗಿ, ಒಂದು ದಿನ ಬಾಲದ ಬುಡದಲ್ಲೋ ಹೊಟ್ಟೆಯ ಕೆಳಗೋ ಅಂಗೈಯಗಲದ ಜಾಗ ಬೋಳಾಗಿರುವುದು ಕಣ್ಣಿಗೆ ಬಿದ್ದಾಗ ಮನೆಯಲ್ಲಿ ಗಾಬರಿ ಆರಂಭವಾಗುತ್ತದೆ.

ಗಾಬರಿಯ ಹಿಂದೆಯೇ ಚಿಕಿತ್ಸೆಯೂ ಬರುತ್ತದೆ. ಅಜ್ಜಿ ಬೇವಿನೆಣ್ಣೆ ಹಚ್ಚಿರೆನ್ನುತ್ತಾರೆ. ಮನೆಗೆಲಸದಾಕೆ ಸೀಮೆಎಣ್ಣೆಯೇ ಮೇಲೆನ್ನುತ್ತಾಳೆ. ಪಕ್ಕದ ಮನೆಯ ರಾಯರು ತಮ್ಮ ನಾಯಿಗೆ ತಂದಿದ್ದ ಚಿಗಟದ ಔಷಧದಲ್ಲಿ ಉಳಿದ ಅರ್ಧ ಸೀಸೆಯನ್ನು ಧಾರಾಳವಾಗಿ ತಂದುಕೊಡುತ್ತಾರೆ. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ. ಬೇವಿನೆಣ್ಣೆಯೂ ಬೆಕ್ಕಿಗೆ ನಿರಪಾಯವೆಂದು ನಂಬುವಂತಿಲ್ಲ. ಆದರೆ ಎಲ್ಲಕ್ಕಿಂತ ಹೆಚ್ಚು ಭಯಪಡಬೇಕಾದದ್ದು ರಾಯರ ಔದಾರ್ಯಕ್ಕೆ.

ನಾಯಿಗಳ ಚಿಗಟ ಮತ್ತು ಉಣ್ಣೆಗಳಿಗೆ ಬಳಸುವ ಹಲವು ಔಷಧಗಳಲ್ಲಿ ಪರ್ಮೆಥ್ರಿನ್ ಎಂಬ ದ್ರವ್ಯವಿರುತ್ತದೆ. ಸೇವಂತಿಗೆಯ ಬಳಗದ ಒಂದು ಹೂವಿನ ಕೀಟನಾಶಕ ಗುಣವನ್ನು ಅನುಸರಿಸಿ ರಸಾಯನಶಾಲೆಯಲ್ಲಿ ತಯಾರಿಸಿದ ದ್ರವ್ಯವದು. ನಾಯಿಯ ದೇಹ ಅದನ್ನು ಅರಗಿಸಿ ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಸಾಮರ್ಥ್ಯ ತೀರ ಕಡಿಮೆ. ಹಚ್ಚಿದ ಕೆಲವೇ ಗಂಟೆಗಳಲ್ಲಿ ಮೈನಡುಕ ತೋರಿ, ಸೆಳವು ಬಂದು ಬೆಕ್ಕು ಸತ್ತುಹೋಗಬಹುದು. ಫಿನೈಲಿನಂಥ ಕ್ರಿಮಿನಾಶಕಗಳ ಮಾತೂ ಹೆಚ್ಚುಕಡಮೆ ಇದೇ. ಇನ್ನೊಂದು ಸಂಗತಿಯನ್ನು ಮರೆಯಬಾರದು: ಬೆಕ್ಕಿನ ಮೈಗೆ ಹಚ್ಚಿದ್ದೆಲ್ಲ ನಾಲಗೆಯ ಮೂಲಕ ಅದರ ಹೊಟ್ಟೆಯನ್ನೇ ಸೇರುತ್ತದೆ. ಅರಿಯದೆ ಇಂಥದನ್ನು ಹಚ್ಚಿದ್ದಾದರೆ, ಒಡನೆಯೇ ಪಶುವೈದ್ಯರಿಗೆ ತಿಳಿಸಿ, ಅವರ ಸೂಚನೆಯಂತೆ ಉಗುರುಬೆಚ್ಚನೆಯ ನೀರಿನಲ್ಲಿ ಮೈ ತೊಳೆದು, ಔಷಧದ ಸೀಸೆಯ ಸಮೇತ ಬೆಕ್ಕನ್ನು ಅವರಲ್ಲಿಗೆ ಒಯ್ಯಬೇಕು.

ತುರಿ ಒಂದು ರೋಗವಲ್ಲ, ರೋಗದ ಕುರುಹು. ಕುರುಹನ್ನು ಓದಿ ಕಾರಣವನ್ನು ಕಂಡುಕೊಳ್ಳುವುದು ಮೊದಲ ಕೆಲಸ; ಅದಕ್ಕೆ ರೋಮ ಉದುರಿದ ಜಾಗವೇ ದಾರಿ ತೋರಿಸುತ್ತದೆ.

ಬೆನ್ನಿನ ಕೆಳಭಾಗ ಮತ್ತು ಬಾಲದ ಬುಡ ಬೋಳಾಗಿದ್ದರೆ ಮೊದಲು ಶಂಕಿಸಬೇಕಾದದ್ದು ಚಿಗಟವನ್ನು. 'ನಮ್ಮ ಬೆಕ್ಕಿನ ಮೈಯಲ್ಲಿ ಒಂದು ಚಿಗಟವೂ ಇಲ್ಲ' ಎಂದು ಮನೆಯವರು ಪ್ರಮಾಣ ಮಾಡುವುದುಂಟು. ಅವರ ಮಾತು ಸುಳ್ಳಲ್ಲ. ಇದ್ದ ಚಿಗಟಗಳನ್ನು ಬೆಕ್ಕೇ ನೆಕ್ಕಿ ನುಂಗಿರುತ್ತದೆ. ಹಾಗೆ ನುಂಗಿದ ಚಿಗಟದಿಂದ ಅದರ ಕರುಳಿಗೆ ಲಾಡಿಹುಳುವೂ ಸೇರುವುದುಂಟು. ಕೆಲವು ಬೆಕ್ಕುಗಳಿಗೆ ಚಿಗಟದ ಜೊಲ್ಲೇ ಒಗ್ಗದು. ಒಂದೆರಡು ಕಡಿತವಾದರೂ ಸಾಕು, ದಿನಗಟ್ಟಲೆ ತುರಿಸುತ್ತದೆ. ಪರೀಕ್ಷೆ ಸುಲಭ. ಹೇನು ತೆಗೆಯುವ ಸೀರಣಿಗೆಯಿಂದ ರೋಮವನ್ನು ಬಾಚಿ, ಉದುರಿದ ಕರಿಯ ಪುಡಿಯನ್ನು ಒದ್ದೆಯಾದ ಬಿಳಿಯ ಬಟ್ಟೆಯ ಮೇಲೆ ಹಾಕಿದಾಗ ಅದು ಕೆಂಗಂದು ಬಣ್ಣ ಬಿಟ್ಟರೆ, ಅದು ಧೂಳಲ್ಲ. ರಕ್ತ ಕುಡಿದ ಚಿಗಟದ ಮಲ. ಆಗ ಬೆಕ್ಕಿಗೆಂದೇ ತಯಾರಾದ ಔಷಧವನ್ನು ವೈದ್ಯರು ಅದರ ತೂಕ ನೋಡಿ ಕೊಡುತ್ತಾರೆ. ಚಿಗಟದ ಮೊಟ್ಟೆಗಳು ಹಾಸಿಗೆ, ಜಮಖಾನಗಳ ಮೇಲೆ ಉದುರಿರುತ್ತವೆ; ಗೂಡು ಕಟ್ಟಿದ ಮರಿಗಳು ತಿಂಗಳುಗಟ್ಟಲೆ ಸುಮ್ಮನಿದ್ದು ಹೊರಬರಬಲ್ಲವು. ಆದುದರಿಂದ ಮನೆಯ ಎಲ್ಲ ಬೆಕ್ಕುನಾಯಿಗಳಿಗೂ ಚಿಕಿತ್ಸೆಯಾಗಬೇಕು, ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು, ಕೆಲವು ತಿಂಗಳು ಔಷಧವನ್ನು ಬಿಡದೆ ಮುಂದುವರಿಸಬೇಕು.

ತುರಿ ಕಿವಿಯ ಅಂಚಿನಲ್ಲಿ ಹುಟ್ಟಿ ಮುಖ, ಕತ್ತುಗಳಿಗೆ ಹಬ್ಬಿ ಚರ್ಮ ದಪ್ಪನಾಗಿ ಹಕ್ಕಳೆ ಕಟ್ಟಿದ್ದರೆ ಅದು ಕಣ್ಣಿಗೆ ಕಾಣದ ನುಸಿಯಿಂದ ಬರುವ ಕಜ್ಜಿಯಾಗಿರಬಹುದು. ಕಿವಿಯೊಳಗೆ ಕಾಫಿಯ ಚರಟದಂಥ ಕರಿಯ ಕೊಳೆ ಕಂಡರೆ ಅದು ಕಿವಿನುಸಿಯ ಲಕ್ಷಣ. ಎರಡಕ್ಕೂ ಒಳ್ಳೆಯ ಔಷಧಗಳಿವೆ.

ಮಕ್ಕಳಿರುವ ಮನೆಯವರು ವಿಶೇಷವಾಗಿ ಗಮನಿಸಬೇಕಾದದ್ದು ಹುಳುಕಡ್ಡಿ. ಹೆಸರಿನಲ್ಲಿ ಹುಳುವಿದ್ದರೂ ಇದು ಹುಳುವಿನ ಕೆಲಸವಲ್ಲ. ಒಂದು ಬಗೆಯ ಶಿಲೀಂಧ್ರದ ಕೆಲಸ. ಮರಿಗಳ ಮುಖ, ಕಿವಿ, ಮುಂಗಾಲುಗಳ ಮೇಲೆ ದುಂಡನೆಯ ಬೋಳು ಕಲೆಗಳು ಕಾಣುತ್ತವೆ. ತುರಿ ಇರಬಹುದು, ಇಲ್ಲದಿರಲೂಬಹುದು. ಮರಿಯನ್ನು ಅಪ್ಪಿಕೊಂಡು ಮಲಗುವ ಮಗುವಿನ ತೋಳಿನ ಮೇಲೂ ಅಂಥದೇ ಕೆಂಪು ಉಂಗುರ ಮೂಡಿದರೆ ಇಬ್ಬರನ್ನೂ ಅವರವರ ವೈದ್ಯರ ಬಳಿಗೆ ಒಯ್ಯಬೇಕು. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1903ರಲ್ಲಿ ರೂಪಿಸಿದ ಗಾಜಿನ ಶೋಧಕದಿಂದ ಹುಟ್ಟಿದ 'ವುಡ್ ದೀಪ'ದ ಬೆಳಕಿನಲ್ಲಿ, ಸೋಂಕು ತಗಲಿದ ರೋಮ ಹಲವು ವೇಳೆ ಹಸುರಾಗಿ ಹೊಳೆಯುತ್ತದೆ. ಹೊಳೆಯದಿದ್ದರೆ ರೋಗವಿಲ್ಲವೆಂದಲ್ಲ, ರೋಮವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕಾಗುತ್ತದೆ. ಚಿಕಿತ್ಸೆಗೆ ವಾರಗಟ್ಟಲೆ ಹಿಡಿಯುತ್ತದೆ. ಮರಿಯನ್ನು ಬೀದಿಗೆ ಬಿಡುವುದು ಇದಕ್ಕೆ ಪರಿಹಾರವಲ್ಲ. ಇದು ಖಂಡಿತವಾಗಿ ಗುಣವಾಗುವ ರೋಗ.

ಇವಾವುವೂ ಅಲ್ಲವೆಂದಾದರೆ ಆಹಾರದ ಒಗ್ಗದಿಕೆಯನ್ನು ಆಲೋಚಿಸಬಹುದು. ವೈದ್ಯರು ಸೂಚಿಸಿದ ಆಹಾರವೊಂದನ್ನೇ ಸುಮಾರು 8 ವಾರ ಕೊಟ್ಟು ನೋಡುವುದು ಅದರ ಕ್ರಮ. ನಡುವೆ ಮೊಸರನ್ನದ ಒಂದು ತುತ್ತನ್ನು ಯಾರೋ ಕರುಣೆಯಿಂದ ಹಾಕಿದರೂ ಲೆಕ್ಕವೆಲ್ಲ ತಪ್ಪುತ್ತದೆ.

'ಮನೆ ಬದಲಾಯಿಸಿದ ಬೇಸರಕ್ಕೆ ನೆಕ್ಕಿಕೊಳ್ಳುತ್ತಿದೆ' ಎಂಬ ವಿವರಣೆಯೂ ಸಾಮಾನ್ಯ. ಮನಸ್ಸಿನ ಕಳವಳದಿಂದ ಬೆಕ್ಕು ಮೈ ಬೋಳು ಮಾಡಿಕೊಳ್ಳುವುದು ನಿಜವೇ ಆದರೂ ಅಪರೂಪ. ಹೀಗೆಯೇ ಮನೋರೋಗವೆಂದು ಭಾವಿಸಲಾಗಿದ್ದ 21 ಬೆಕ್ಕುಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ 16ಕ್ಕೆ ದೇಹದ ಕಾಯಿಲೆಯೇ ಕಾರಣವಾಗಿತ್ತು. ಕೇವಲ ಮನಸ್ಸಿನ ಕಾರಣವಿದ್ದದ್ದು 2ಕ್ಕೆ ಮಾತ್ರ. ಮೂಕಪ್ರಾಣಿಯ ನೋವನ್ನು ಚಾಳಿಯೆಂದು ತಳ್ಳಿಹಾಕುವ ಮುನ್ನ ಈ ಲೆಕ್ಕವನ್ನು ನೆನೆಯುವುದು ಒಳ್ಳೆಯದು.

ವೈದ್ಯರಲ್ಲಿಗೆ ಹೋಗುವಾಗ ಒಂದು ಚೀಟಿಯಲ್ಲಿ ನಾಲ್ಕು ಸಂಗತಿಗಳನ್ನು ಬರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ: ತುರಿ ಎಂದು ಆರಂಭವಾಯಿತು, ಮೊದಲು ಎಲ್ಲಿ ಕಾಣಿಸಿತು, ಬೆಕ್ಕು ಏನು ತಿನ್ನುತ್ತದೆ, ಮನೆಯಲ್ಲಿ ಬೇರೆ ಯಾರಿಗಾದರೂ ತುರಿ ಇದೆಯೆ. ಈಗಾಗಲೇ ಏನಾದರೂ ಹಚ್ಚಿದ್ದರೆ ಅದನ್ನು ಸಂಕೋಚವಿಲ್ಲದೆ ಹೇಳಬೇಕು. ರಾಯರ ಅರ್ಧ ಸೀಸೆಯನ್ನಂತೂ ವಂದನೆಯೊಡನೆ ಹಿಂದಿರುಗಿಸುವುದೇ ಲೇಸು.